ತಗಡಿನ ಡಬ್ಬಿಯಲ್ಲಿ ನಾಲ್ಕು ಪಿಕ್ಕು

ಅಂಗಿಯ ಮೂರನೇ ಗುಂಡಿ ಕಾಜದೊಳಗೆ ಹೋಗಲೊಲ್ಲದು. ಮೊದಲ ಎರಡನ್ನು ಹೇಗೋ ಹಾಕಿಕೊಂಡಿದ್ದ. ಮೂರನೆಯದಕ್ಕೆ ಬರುವ ಹೊತ್ತಿಗೆ ಎಡಗೈಯ ಬೆರಳುಗಳು ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಿಂತುಬಿಟ್ಟವು. ಕನ್ನಡಿಯಲ್ಲಿ ಅವುಗಳನ್ನೇ ನೋಡಿದ. ನಲವತ್ತು ವರ್ಷ ಈ ಕೈ ಡ್ರಮ್ಮಿನ ಮೇಲೆ ಬೀಳಬೇಕಾದ ಹೊತ್ತಿಗಿಂತ ಒಂದು ಕೂದಲೆಳೆ ಮೊದಲೂ ಬಿದ್ದದ್ದಿಲ್ಲ, ಆಮೇಲೂ ಬಿದ್ದದ್ದಿಲ್ಲ. ಅದಕ್ಕೇ ಬ್ಯಾಂಡಿನವರು ಅವನಿಗೆ ಗಡಿಯಾರ ಅಂತ ಹೆಸರಿಟ್ಟದ್ದು, ಹೆಂಡತಿಯೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಹಾಗೇ ಕರೆಯತೊಡಗಿದ್ದು. ಡ್ರಮ್ಮರಿಗೆ ಇದಕ್ಕಿಂತ ದೊಡ್ಡ ಬಿರುದು ಇನ್ನೇನು ಬೇಕು ಎಂದು ಆಗ ಎದೆಯುಬ್ಬಿಸಿದ್ದ. ಈಗ ಯಾರಾದರೂ ಗಡಿಯಾರ ಎಂದರೆ, ಗೊತ್ತಿದ್ದೇ ಲೇವಡಿ ಮಾಡುತ್ತಿದ್ದಾರೇನೋ ಎಂದು ಒಳಗೊಳಗೇ ಕುಗ್ಗುತ್ತಾನೆ. ಹೆಂಡತಿ ಒಳಗೆ ಬಂದವಳು "ಇನ್ನೂ ಆಗಿಲ್ವಾ? ಬನ್ನಿ ಇತ್ಲಾಗೆ" ಎಂದು ಗುಂಡಿ ಹಾಕಿದಳು. ಯಾಕೆ ಆಗಲಿಲ್ಲ ಎಂದು ಕೇಳಲಿಲ್ಲ. ಎರಡು ತಿಂಗಳಿಂದಲೂ ಅವಳು ಕೇಳಿಲ್ಲ. ಕೇಳಿದ್ದರೆ ರೇಗಿಬಿಡುತ್ತಿದ್ದ, ರೇಗಿದ್ದರೆ ಮನಸ್ಸು ಅರ್ಧ ಹಗುರಾಗುತ್ತಿತ್ತು.

"ಅಣ್ಣನ ಕಣ್ಣಿಗೆ ಔಷಧಿ ಮರೀಬೇಡ್ರಿ. ಹನ್ನೊಂದಕ್ಕೊಂದು ಸಲ, ಮೂರಕ್ಕೊಂದು ಸಲ. ಹಾಕಿದ ಮೇಲೆ ಒಂದು ಗಂಟೆ ಅವನಿಗೆ ಏನೂ ಕಾಣ್ಸಲ್ಲ, ಇನ್ನೊಂದು ಕಣ್ಣಂತೂ ಮೊದಲೇ ಮಂಜು. ಮೆಟ್ಟಿಲಲ್ಲಿ ಕೈ ಹಿಡ್ಕೊಳ್ಳಿ" ಎಂದು ಔಷಧಿಯ ಪುಟ್ಟ ಬಾಟಲಿಯನ್ನು ಅವನ ಜೇಬಿಗೆ ಹಾಕಿದಳು. ಜೇಬಿನಲ್ಲಿ ಆಗಲೇ ಎರಡು ಪಿಕ್ಕು ಇದ್ದವು, ಗಿಟಾರ್ ಮೀಟಲು ಬೆರಳಲ್ಲಿ ಹಿಡಿಯುವ ಪ್ಲಾಸ್ಟಿಕ್ ಚೂರುಗಳು, ಒಂದು ಬಿಳಿ, ಒಂದು ಕರಿ. ಬಾಟಲಿ ತಗಲಿ ಟಿಕ್ ಎಂದಿತು.

"ಇವತ್ತು ಡಬ್ಬೀನಾ?"

"ಹೂಂ. ಮಧ್ಯಾಹ್ನ ಮೂರಕ್ಕೆ."

"ಯಾವುದು ಹಾಕ್ತೀರಿ?"

"ಹೇಳಬಾರದು ಕಣೇ."

"ನನಗೂನಾ?" ಎಂದು ನಕ್ಕು ಹೊರಟುಹೋದಳು. ಅವನು ಮೂರು ದಿನದ ಹಿಂದೆಯೇ ತೀರ್ಮಾನ ಮಾಡಿದ್ದ. ಕರಿಯದು. ತೀರ್ಮಾನವಾದಮೇಲೆ ನಿದ್ದೆ ಬರುತ್ತದೆ ಅಂದುಕೊಂಡಿದ್ದ, ಅದೂ ಬಂದಿರಲಿಲ್ಲ.

ಸಿನಿಮಾದಲ್ಲಿ ಪ್ರೊಡ್ಯೂಸರ್ ಎಂದರೆ ಹಣ ಹಾಕುವವನು. ಹಾಡಿನ ರೆಕಾರ್ಡಿನಲ್ಲಿ ಹಾಗಲ್ಲ. ಗಾಜಿನ ಆಚೆ ಕೂತು, ಇದು ಬಂತು, ಇದು ಇನ್ನೊಂದು ಸಲ, ಇದನ್ನು ಎತ್ತಿ ಬಿಸಾಕಿ ಎಂದು ಹೇಳುವವರು ಪ್ರೊಡ್ಯೂಸರ್. ಒಬ್ಬರನ್ನು ಆರಿಸಿಕೊಂಡರೆ ಆರು ತಿಂಗಳು ಅವರ ಕಿವಿಯ ಕೈಕೆಳಗೆ ಬದುಕಬೇಕು. ಹನ್ನೊಂದು ವರ್ಷದ ಮೇಲೆ ಬ್ಯಾಂಡು ಮತ್ತೆ ರೆಕಾರ್ಡು ಮಾಡಲು ಹೊರಟಿತ್ತು. ಇದೇ ಕೊನೆಯದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅರವತ್ತು ದಾಟಿದ ನಾಲ್ವರು, ಅದರಲ್ಲೊಬ್ಬ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವನು, ಹೇಳುವುದಾದರೂ ಏನಿತ್ತು? ನಾಲ್ಕಾರು ಜನರನ್ನು ನೋಡಿ ಕೊನೆಗೆ ಇಬ್ಬರಲ್ಲಿ ಬಂದು ನಿಂತಿದ್ದರು. ಒಬ್ಬ ಈಗಿನ ಕಾಲದ ಹೊಸಬ, ಕೈತುಂಬ ಕೆಲಸ ಇರುವವನು. ಪರದೆಯ ಮೇಲೆ ಡ್ರಮ್ಮಿನ ಒಂದೊಂದು ಪೆಟ್ಟನ್ನೂ ಬೆರಳಲ್ಲಿ ಎಳೆದು ಗೆರೆಯ ಮೇಲೆ ಕೂರಿಸಿ ತೋರಿಸಿದ್ದ. "ನೀವು ಹೆಂಗಾದ್ರೂ ಬಾರಿಸಿ ಅಂಕಲ್, ಮಿಕ್ಕಿದ್ದು ನನಗೆ ಬಿಡಿ" ಎಂದಿದ್ದ. ಅಂಕಲ್ ಎಂದದ್ದಕ್ಕೆ ಉಳಿದವರು ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಗಡಿಯಾರ ನಗಲಿಲ್ಲ. ಆ ಮಾತು ಕೇಳಿ ಅವನಿಗೆ ಅಳು ಬರುವಷ್ಟು ಸಮಾಧಾನವಾಗಿತ್ತು. ಎಡಗೈ ಸೋತದ್ದು ಪ್ರಪಂಚಕ್ಕೆ ಗೊತ್ತೇ ಆಗುವುದಿಲ್ಲ. ಇನ್ನೊಬ್ಬಳು ಐವತ್ತರ ಆಸುಪಾಸಿನ ಹೆಂಗಸು, ಮಿತಮಾತಿನವಳು. ನಾಲ್ವರೂ ಒಂದೇ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ನುಡಿಸಬೇಕು, ಬಂದದ್ದು ಬಂದ ಹಾಗೆ ಇರಬೇಕು, ಆಮೇಲೆ ಎಳೆದು ಕೂರಿಸುವುದಿಲ್ಲ ಎಂದಿದ್ದಳು. ಈಕೆಯೇ ಸರಿ ಎಂದು ಗಡಿಯಾರನಿಗೆ ಎಲ್ಲರಿಗಿಂತ ಮೊದಲು ಗೊತ್ತಾಗಿತ್ತು. ಗೊತ್ತಾದದ್ದೇ ಕರಿ ಪಿಕ್ಕನ್ನು ಆರಿಸಿಕೊಂಡಿದ್ದ.

ಇವತ್ತು ಬೆಳಿಗ್ಗೆ ಆಕೆಯ ಸ್ಟುಡಿಯೋದಲ್ಲಿ ಒಂದು ಹಾಡನ್ನು ನುಡಿಸಿ ನೋಡುವುದು, ಮಧ್ಯಾಹ್ನ ಅಭ್ಯಾಸದ ಕೋಣೆಯಲ್ಲಿ ಡಬ್ಬಿ. ಆಕೆ ಆಗುವುದಿಲ್ಲ ಎಂದಾದರೆ ಹೊಸಬ.

ಡಬ್ಬಿ ಶುರುವಾದದ್ದು ಮೂವತ್ತು ವರ್ಷದ ಹಿಂದೆ, ಬಾಡಿಗೆ ವ್ಯಾನಿನಲ್ಲಿ, ದೊಡ್ಡ ಜಗಳವೊಂದರ ಮಾರನೆಯ ದಿನ. ಯಾವ ಊರಿಗೆ ಹೋಗಬೇಕು, ಯಾವ ಹಾಡು ಬಿಡಬೇಕು ಎಂದು ಕೂಗಾಡಿ ಕೂಗಾಡಿ ಗಂಟಲು ಕಟ್ಟಿದ ಮೇಲೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಖಾಲಿ ಮಾಡಿ, ಮುಚ್ಚಳದಲ್ಲೊಂದು ಸೀಳು ಕೊರೆದು, ತಂತಮ್ಮ ಜೇಬಿನಲ್ಲಿದ್ದ ಪಿಕ್ಕನ್ನು ಮುಷ್ಟಿಯಲ್ಲಿ ಮುಚ್ಚಿ ಹಾಕಿದ್ದರು. ಬಿಳಿಯೆಂದರೆ ಆಗಲಿ, ಕರಿಯೆಂದರೆ ಬೇಡ. ಒಂದೇ ಒಂದು ಕರಿ ಇದ್ದರೂ ಬೇಡವೇ. ಯಾರು ಹಾಕಿದ್ದು, ಯಾಕೆ ಹಾಕಿದ್ದು ಎಂದು ಕೇಳುವ ಹಾಗಿಲ್ಲ. ಡಬ್ಬಿ ತೆಗೆದು ನೋಡುವ ಕೆಲಸ ಮಾತ್ರ ಒಬ್ಬನದೇ, ಬೇಸ್ ಗಿಟಾರಿನವನದು. ಅವನು ಒಳಗೆ ಇಣುಕಿ "ಆಗುತ್ತೆ" ಅನ್ನುತ್ತಾನೆ, ಇಲ್ಲವೇ "ಆಗಲ್ಲ" ಅನ್ನುತ್ತಾನೆ, ಮುಚ್ಚಳ ಹಾಕಿ ಮನೆಗೆ ಒಯ್ಯುತ್ತಾನೆ. ಅವನನ್ನು ಆರಿಸಿದ್ದಕ್ಕೆ ಕಾರಣ, ಅವನ ಬಾಯಿಂದ ಮಾತು ಹೊರಡಿಸುವುದು ಯಾರಪ್ಪನಿಂದಲೂ ಆಗದು ಅನ್ನುವುದು. ಆಮೇಲೆ ಅವನ ತಂಗಿಯನ್ನೇ ಗಡಿಯಾರ ಮದುವೆಯಾದ. ಮದುವೆಯ ಮಾರನೆಯ ದಿನದಿಂದ ಬ್ಯಾಂಡಿನವರೆಲ್ಲ ತಮಾಷೆಗೆ ಬೇಸಿನವನನ್ನು ಭಾವ ಎಂದು ಕರೆಯತೊಡಗಿದರು, ಅದೇ ಹೆಸರಾಗಿ ನಿಂತಿತು. ಡ್ರಮ್ಮರಿಗೆ ಪಿಕ್ಕಿನ ಬಳಕೆ ಎಲ್ಲಿಯದು. ಪ್ರತಿಸಲವೂ ಭಾವನೇ ಹೊಸದೊಂದು ಜೊತೆ ತಂದು ಗಡಿಯಾರನ ಕೈಗೆ ಹಾಕುತ್ತಾನೆ.

ಹನ್ನೊಂದಕ್ಕೆ ಸ್ಟುಡಿಯೋದ ಹೊರಗಿನ ಬೆಂಚಿನ ಮೇಲೆ ಭಾವ ತಲೆ ಹಿಂದಕ್ಕೆ ಮಾಡಿ ಕೂತ. ಕಪ್ಪು ಕನ್ನಡಕ ತೆಗೆದು, ಬಲಗೈಯಲ್ಲಿ ಹತ್ತಿಯ ಪಟ್ಟಿ ಸರಿಸಿ ಹಿಡಿದು, ಗಡಿಯಾರ ಎಡಗೈಯಲ್ಲಿ ಬಾಟಲಿ ಬಗ್ಗಿಸಿದ. ಮೊದಲ ಹನಿ ಕೆನ್ನೆಯ ಮೇಲೆ ಬಿತ್ತು. ಎರಡನೆಯದು ಮೂಗಿನ ಮೇಲೆ.

"ಬಲಗೈಲಿ ಹಾಕೋ" ಎಂದ ಭಾವ, ಕಣ್ಣು ಮಿಟುಕಿಸದೆ.

ಗಡಿಯಾರ ಬಲಗೈಗೆ ಬದಲಾಯಿಸಿ ಹಾಕಿದ. ಎಡಗೈಯಲ್ಲಿ ಹಾಕುತ್ತಿದ್ದುದು ಅವನಿಗೆ ಹೇಗೆ ಕಂಡಿತು? ಅಥವಾ ಕಂಡದ್ದಲ್ಲವೋ? ಬೇಸ್ ನುಡಿಸುವವನು ಡ್ರಮ್ಮಿನ ಪಕ್ಕದಲ್ಲಿ ನಿಂತು ನಲವತ್ತು ವರ್ಷ ಉಸಿರಾಡಿದವನು. ಅವನಿಂದ ಮುಚ್ಚಿಡುವುದು ಸ್ನಾನದ ಮನೆಯ ನಲ್ಲಿ ಸೋರುವುದನ್ನು ಮನೆಯವರಿಂದ ಮುಚ್ಚಿಟ್ಟ ಹಾಗೆ. ಭಾವ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಎದ್ದ.

ಕೋಣೆಯಲ್ಲಿ ಮರದ ನೆಲ, ಗೋಡೆಗೆ ದಪ್ಪ ಕಂಬಳಿಗಳು, ಒಂದು ಮೂಲೆಯಲ್ಲಿ ಕಾಲು ಮುರಿದ ಕುರ್ಚಿ. ಡ್ರಮ್ಮಿನ ಹಿಂದೆ ಕೂತು ಗಡಿಯಾರ ಸ್ಟೂಲಿನ ತಿರುಪು ತಿರುಗಿಸಿ ಎತ್ತರ ಸರಿಮಾಡಿಕೊಂಡ. ತಿರುಪು ಮುಟ್ಟಿದಾಗೆಲ್ಲ ಆ ಮಧ್ಯಾಹ್ನ ಬಂದು ಎದುರು ನಿಲ್ಲುತ್ತದೆ. ಇಪ್ಪತ್ತೆರಡು ವರ್ಷವಾಯಿತು. ಆಗ ಅವರ ಪ್ರೊಡ್ಯೂಸರ್ ಆಗಿದ್ದವರನ್ನು ಎಲ್ಲರೂ ಯಜಮಾನರು ಅನ್ನುತ್ತಿದ್ದರು. ಬ್ಯಾಂಡಿಗೆ ಒಂದು ಹೆಸರು ಬಂದದ್ದೇ ಅವರು ಮಾಡಿದ ಮೂರು ರೆಕಾರ್ಡುಗಳಿಂದ. ನಾಲ್ಕನೆಯದರಲ್ಲಿ ಒಂದು ನಿಧಾನದ ಹಾಡು, ಏನು ಮಾಡಿದರೂ ಗಡಿಯಾರನಿಗೆ ಒಗ್ಗಲಿಲ್ಲ. ಮೂವತ್ತು ಸಲವೋ ನಲವತ್ತು ಸಲವೋ ಆದಮೇಲೆ ಹೆಡ್‌ಫೋನಿನಲ್ಲಿ, ನಾಲ್ವರಿಗೂ ಕೇಳುವಂತೆ, ಯಜಮಾನರ ದನಿ: "ಗಡಿಯಾರ, ನೀನು ಸ್ವಲ್ಪ ಹೊರಗೆ ಹೋಗಿ ಟೀ ಕುಡ್ಕೊಂಡು ಬಾ." ಕುಡಿದು ಬಂದ. ಅವನ ಜಾಗದಲ್ಲಿ ಬೇರೆ ಯಾರೋ ಕೂತಿದ್ದ, ಸ್ಟೂಲನ್ನು ಮೂರು ಬೆರಳು ಮೇಲೆತ್ತಿಕೊಂಡಿದ್ದ. ಆ ಮನುಷ್ಯ ಒಂದೇ ಸಲಕ್ಕೆ ನುಡಿಸಿ, ಕೈ ಕುಲುಕಿ, ಹೊರಟುಹೋದ. ಯಾರೂ ಏನೂ ಮಾತಾಡಲಿಲ್ಲ. ಸ್ಟೂಲಿನ ಎತ್ತರ ಮತ್ತೆ ಮೊದಲಿನಂತೆ ಕೂಡಿಬರಲು ವಾರಗಟ್ಟಲೆ ಹಿಡಿಯಿತು, ತಿರುಪಿನದೇನೂ ತಪ್ಪಿರಲಿಲ್ಲ. ಐದನೇ ರೆಕಾರ್ಡಿಗೂ ಯಜಮಾನರೇ ಇರಲಿ ಎಂದು ಡಬ್ಬಿ ಇಟ್ಟಾಗ ಅವನು ಕರಿಯದನ್ನು ಹಾಕಿದ. ಭಾವ ಇಣುಕಿ ನೋಡಿ, ಎಂದಿಗಿಂತ ಒಂದು ಚೂರು ಹೆಚ್ಚು ಹೊತ್ತು ನೋಡಿ, "ಆಗಲ್ಲ" ಎಂದ. ಯಜಮಾನರಿಗೆ ಒಂದು ಕಾಗದ ಹೋಯಿತು. ಆ ಐದನೇ ರೆಕಾರ್ಡು ನೆಲಕಚ್ಚಿತು, ಆರನೆಯದೂ. ಯಜಮಾನರು ತೀರಿಕೊಂಡು ಈಗ ಒಂಬತ್ತು ವರ್ಷ. ಅವನು ಮಣ್ಣಿಗೆ ಹೋಗಲಿಲ್ಲ, ಜ್ವರ ಎಂದು ಮಲಗಿದ್ದ. ನಿಜವಾಗಿಯೂ ಜ್ವರ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಶುರು ಮಾಡೋಣ್ವಾ?" ಎಂದಿತು ಹೆಡ್‌ಫೋನಿನಲ್ಲಿ ಆಕೆಯ ದನಿ.

ನುಡಿಸಿದರು. ಜನ ಎಲ್ಲಿ ಹೋದರೂ ಕೂಗಿ ಕೇಳುವ ಹಳೆಯ ಹಾಡು. ಗಿಟಾರ್ ಹಿಡಿದು ಹಾಡುವವನನ್ನು ಬ್ಯಾಂಡಿನಲ್ಲಿ ದೊರೆ ಎನ್ನುತ್ತಾರೆ, ಹುಟ್ಟಿದ್ದೇ ಎತ್ತರದ ವೇದಿಕೆಯ ಮೇಲೆ ಎನ್ನುವ ಹಾಗೆ ನಡೆಯುತ್ತಾನೆ ಅಂತ. ಲೀಡ್ ಗಿಟಾರಿನವರು ಮೇಷ್ಟ್ರು, ನಡುವೆ ಹದಿನೈದು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವರು, ಈಗಲೂ ತಪ್ಪಾದರೆ ಕನ್ನಡಕದ ಮೇಲಿಂದ ನೋಡುತ್ತಾರೆ. ಮೊದಲ ಚರಣ ನೆಟ್ಟಗೆ ಹೋಯಿತು. ಎರಡನೆಯದೂ. ಮೂರನೆಯದರಲ್ಲಿ ಎಡಗೈ ಬಿತ್ತು, ಬೀಳಬೇಕಾದ್ದಕ್ಕಿಂತ ಒಂದು ಉಸಿರು ತಡವಾಗಿ, ಮತ್ತೆ ಇನ್ನೊಂದು ಉಸಿರು. ಬಲಗೈ ಕಾಯಿತು, ಕಾಲು ಕಾಯಿತು, ಹಾಡು ಇಳಿಜಾರು ಮುಗಿದ ಬಂಡಿಯ ಹಾಗೆ ಮೆತ್ತಗಾಯಿತು. ಅಷ್ಟರಲ್ಲಿ ಕೊನೆಯ ಎತ್ತರದ ಸ್ವರ ಬಂತು. ಜನ ಕೈ ಮೇಲೆತ್ತಿ ಕಾಯುವ ಸ್ವರ. ದೊರೆ ಅದಕ್ಕೆ ಕೈ ಚಾಚಿದ, ಅರ್ಧ ಸಿಕ್ಕಿತು, ಇನ್ನರ್ಧ ಸೀಳಿಹೋಯಿತು.

"ಥೂ, ಬೆಳಗ್ಗೆ ತಣ್ಣೀರು ಕುಡಿದುಬಿಟ್ಟೆ" ಎಂದು ದೊರೆ ಗಟ್ಟಿಯಾಗಿ ನಕ್ಕ.

ಗಾಜಿನ ಆಚೆ ಆಕೆ ನಗಲಿಲ್ಲ. ಹಾಡನ್ನು ಮತ್ತೆ ಪೂರ್ತಿ ಕೇಳಿಸಿದಳು. ಕೇಳುವಾಗ ದೊರೆ ಪಿಕ್ಕನ್ನು ಹಲ್ಲಲ್ಲಿ ಕಡಿಯುತ್ತ ಕೂತಿದ್ದ. ಮಾತಿಗೆ ಅವಕಾಶವಿಲ್ಲದ ಹೊತ್ತಿನಲ್ಲಿ ಅವನ ಬಾಯಿಗೆ ಅದೇ ಕೆಲಸ. ಆಮೇಲೆ ಅದೇ ಹೆಡ್‌ಫೋನಿನಲ್ಲಿ, ನಾಲ್ವರಿಗೂ ಕೇಳುವಂತೆ, ಆಕೆ ಹೇಳಿದಳು: "ಹಾಡಿನ ಶ್ರುತಿ ಎರಡು ಮೆಟ್ಟಿಲು ಕೆಳಗಿಳಿಸ್ಬೇಕು. ಆ ಸ್ವರ ಈಗ ನಿಮ್ಮದಲ್ಲ, ಅದರ ಕೆಳಗಿಂದು ನಿಮ್ಮದು, ಚೆನ್ನಾಗಿದೆ. ಮತ್ತೆ ಡ್ರಮ್ಸ್. ಮೂರನೇ ಚರಣದಲ್ಲಿ ನೀವು ನಿಧಾನ ಆಗ್ತೀರಿ."

ಈಗ ಟೀ ಕುಡಿದು ಬಾ ಅನ್ನುತ್ತಾಳೆ ಎಂದು ಗಡಿಯಾರ ಕಾದ. ಅವನ ಕಾಲುಗಳು ಆಗಲೇ ಏಳಲು ಸಿದ್ಧವಾಗಿದ್ದವು.

"ನೀವು ನಿಧಾನ ಆದಾಗ ಉಳಿದ ಮೂವರೂ ನಿಧಾನ ಆಗ್ತಾರೆ. ಒಬ್ಬರೂ ಮುಂದೆ ಹೋಗಲ್ಲ. ಅದನ್ನ ನಾನು ಮುಟ್ಟಲ್ಲ, ಹಾಗೇ ಇಡ್ತೀನಿ. ಆದ್ರೆ ಎಲ್ಲಾ ಹಾಡಲ್ಲೂ ಹಾಗಾದ್ರೆ ಆಗಲ್ಲ, ಕೂತು ಅಭ್ಯಾಸ ಮಾಡ್ಬೇಕು. ಇವತ್ತಿಗಿಷ್ಟೇ."

ಇಷ್ಟೇ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಲಿಲ್ಲ, ತಂತಿ ಬಿಗಿ ಮಾಡುವ ನೆಪದಲ್ಲಿ ಗಿಟಾರಿನ ಮೇಲೆ ಬಗ್ಗಿದರು. ಅವರ ಆ ಮರ್ಯಾದೆ ಬೈಗುಳಕ್ಕಿಂತ ಜಾಸ್ತಿ ಉರಿಯಿತು. ಎರಡು ತಿಂಗಳು ಹೆಂಡತಿಯ ಮುಂದೆ, ಭಾವನ ಮುಂದೆ, ಕನ್ನಡಿಯ ಮುಂದೆ ಹೊತ್ತುಕೊಂಡು ತಿರುಗಿದ ಗುಟ್ಟನ್ನು ಆಕೆ ಅರ್ಧ ನಿಮಿಷದಲ್ಲಿ ನೆಲದ ಮೇಲೆ ಇಟ್ಟುಬಿಟ್ಟಿದ್ದಳು. ಕೋಪ ಬರಬೇಕಿತ್ತು. ಬಂದದ್ದು ಸುಸ್ತು. ಇನ್ನು ಮೇಲೆ ಹೊರುವುದೇನೂ ಉಳಿದಿಲ್ಲ ಎನ್ನುವಾಗ ಬರುವ ಸುಸ್ತು, ಎಲ್ಲಾದರೂ ಬಿದ್ದುಕೊಂಡರೆ ಸಾಕು ಎನ್ನಿಸುವಂಥದು. ದೊರೆ ಮಾತ್ರ ಎದ್ದು ನಿಂತು ಎರಡೂ ಕೈ ತಟ್ಟಿದ. "ನೋಡಿದ್ರೇನ್ರೋ? ಮುಖಕ್ಕೆ ಹೊಡ್ದ ಹಾಗೆ ಹೇಳಿದ್ಲು. ಇಂಥವಳೇ ಬೇಕು ನಮಗೆ. ನಾನು ಮೊದಲಿಂದ ಹೇಳ್ತಿಲ್ವಾ?" ಎಂದ. ಹೇಳುತ್ತಲೇ ಇದ್ದ, ಕಾರಿಗೆ ಗಿಟಾರ್ ಇಡುವಾಗಲೂ ಹೇಳಿದ.

ಉಳಿದವರು ಸಾಮಾನು ಹೊರಗೆ ಸಾಗಿಸುವಾಗ ಆಕೆ ನೆಲದ ಮೇಲೆ ಮಂಡಿಯೂರಿ ವೈರು ಸುತ್ತುತ್ತಿದ್ದಳು, ಮೊಣಕೈಗೂ ಅಂಗೈಗೂ ಎಂಟರ ಆಕಾರದಲ್ಲಿ. ಯಜಮಾನರು ಹಾಗೇ ಸುತ್ತುತ್ತಿದ್ದದ್ದು. ಕಲಿತದ್ದು ಅವರ ಹತ್ತಿರವೇ, ಕೊನೆಯ ಹತ್ತು ವರ್ಷ ಅವರ ಜೊತೆಗಿದ್ದವಳು. ಗಡಿಯಾರ ಕೋಲುಗಳನ್ನು ಚೀಲಕ್ಕೆ ಹಾಕುತ್ತ, ಹಾಕಿದ್ದನ್ನು ತೆಗೆದು ಮತ್ತೆ ಹಾಕುತ್ತ ನಿಂತ.

"ಯಜಮಾನರು ನಮ್ಮ ಬಗ್ಗೆ ಏನಾದ್ರೂ ಹೇಳ್ತಿದ್ರಾ?" ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಅನ್ನಿಸಿತು.

"ಹೇಳ್ತಿದ್ರು. ಆ ಬ್ಯಾಂಡಿನವರು ನನ್ನನ್ನ ಬೇಡ ಅಂದ್ರು, ಯಾಕೆ ಅಂತ ಹೇಳಲಿಲ್ಲ ಅಂತ. ನಾನು ಏನು ತಪ್ಪು ಮಾಡಿದೆ ಅಂತ ಹೇಳಿದ್ರೆ ಹೋಗಿ ಕ್ಷಮೆ ಕೇಳ್ತಿದ್ದೆ ಅನ್ನೋರು. ಒಂದು ದಿನ ಇದಿರಬಹುದು ಅನ್ನೋರು, ಇನ್ನೊಂದು ದಿನ ಅದಿರಬಹುದು ಅನ್ನೋರು. ಕೊನೆವರೆಗೂ ಸಿಗಲಿಲ್ಲ ಅವರಿಗೆ." ಆಕೆ ವೈರಿನ ಸುರುಳಿಗೆ ಗಂಟು ಹಾಕಿ ಎದ್ದಳು. "ನಿಮ್ಮಲ್ಲೇನೋ ಡಬ್ಬಿ ಪದ್ಧತಿ ಇದೆಯಂತಲ್ಲ. ನಾನು ಬೇಡ ಅನ್ನಿಸಿದ್ರೆ ಬೇಜಾರಿಲ್ಲ. ಯಾಕೆ ಅಂತ ಒಂದು ಮಾತು ಹೇಳಿಬಿಡಿ, ಅಷ್ಟು ಸಾಕು."

ಅವನು ತಲೆಯಾಡಿಸಿದ. ಬಾಗಿಲ ಹೊರಗೆ ಬಿಸಿಲು ಕಣ್ಣಿಗೆ ರಾಚಿತು.

ಅಭ್ಯಾಸದ ಕೋಣೆ ಟೈರು ಅಂಗಡಿಯ ಮೇಲೆ. ಕಬ್ಬಿಣದ ಮೆಟ್ಟಿಲು, ರಬ್ಬರಿನ ವಾಸನೆ, ಕೆಳಗೆ ಆಗಾಗ ಗಾಳಿ ತುಂಬುವ ಪಂಪಿನ ಉಸಿರು. ಊಟವಾಗಿತ್ತು, ಯಾರೂ ಸರಿಯಾಗಿ ತಿಂದಿರಲಿಲ್ಲ. ಮೂರಕ್ಕೆ ಗಡಿಯಾರ ಭಾವನ ಕಣ್ಣಿಗೆ ಔಷಧಿ ಹಾಕಿದ, ಬಲಗೈಯಲ್ಲಿ, ಒಂದೇ ಸಲಕ್ಕೆ. ಭಾವ ಕರವಸ್ತ್ರ ಒತ್ತಿಕೊಂಡು ಕೂತ. ಮೇಷ್ಟ್ರು ಡಬ್ಬಿಯನ್ನು ದೊಡ್ಡ ಡ್ರಮ್ಮಿನ ಹಿಂದೆ, ನೆಲದ ಮೇಲೆ ಇಟ್ಟು ಮೊದಲು ತಾವೇ ಹೋಗಿ ಹಾಕಿ ಬಂದರು. ಟಣ್ ಎಂದಿತು. ಆಮೇಲೆ ದೊರೆ, ಮೆರವಣಿಗೆಗೆ ಹೊರಟವನ ಹಾಗೆ ಹೋಗಿ, "ಇದೇನು ಕೇಳೋ ವಿಷಯಾನಾ, ಎಲ್ಲರೂ ಬಿಳೀದೇ ಅಲ್ವಾ" ಎಂದು ಬಗ್ಗಿ ಹಾಕಿದ. ಭಾವ ಗೋಡೆ ಸವರಿಕೊಂಡು ಹೋಗಿ ಬಂದ. ಕೊನೆಗೆ ಗಡಿಯಾರ.

ಡ್ರಮ್ಮಿನ ಹಿಂದೆ ಬಗ್ಗಿದಾಗ ಮೊಣಕಾಲು ಲಟಕ್ಕೆಂದಿತು. ಎಡಗೈಯಲ್ಲಿ ಕರಿ, ಬಲಗೈಯಲ್ಲಿ ಬಿಳಿ. ಧೈರ್ಯವೇನೂ ಬಂದಿರಲಿಲ್ಲ ಅವನಿಗೆ. ಮರ್ಯಾದೆ ಹೋಗುವುದು ಹೋಗಿಯೇ ಆಗಿತ್ತು, ಇನ್ನೂ ಆರು ತಿಂಗಳು ದಿನಾ ಹೋಗುವುದೂ ಖಂಡಿತ. ಆದರೆ ಕರಿ ಹಾಕಿದರೆ ಆ ಹೆಂಗಸು ವೈರು ಸುತ್ತುತ್ತ, ಇದಿರಬಹುದೇ ಅದಿರಬಹುದೇ ಎಂದು ಯೋಚಿಸುತ್ತಾಳೆ. ಯಾಕೆ ಎಂದು ಹೋಗಿ ಹೇಳುವ ಬಾಯಿ ತನಗಿಲ್ಲ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸೀಳಿನ ಮೇಲೆ ಬಲಗೈ ಬಿಚ್ಚಿದ.

ಭಾವ ಡಬ್ಬಿ ಎತ್ತಿಕೊಂಡು ಕಿಟಕಿಗೆ ಹೋದ, ಮುಚ್ಚಳ ತೆಗೆದ, ಮುಖದ ಹತ್ತಿರ ತಂದ, ದೂರ ಹಿಡಿದ. "ಹೊಗೆ ಹೊಗೆ ಕಾಣುತ್ತೆ. ಬಿಳೀದೂ ಒಂದೇ, ಕರೀದೂ ಒಂದೇ" ಎಂದು ಡಬ್ಬಿಯನ್ನು ಗಡಿಯಾರನ ಕೈಗೆ ಕೊಟ್ಟ. "ಇವತ್ತು ನೀನೇ ನೋಡಪ್ಪ."

ಮೂವತ್ತು ವರ್ಷದಲ್ಲಿ ಅವನು ಅದರೊಳಗೆ ನೋಡಿದ್ದು ಅದೇ ಮೊದಲು. ನಾಲ್ಕು ಪಿಕ್ಕು, ಮೂರು ಬಿಳಿ, ಒಂದು ಕರಿ. ಕೈ ಅದಲುಬದಲಾಯಿತೇ ಎಂದು ಜೇಬು ಮುಟ್ಟಿ ನೋಡಿಕೊಂಡ. ಕರಿ ಜೇಬಿನಲ್ಲೇ ಇತ್ತು. ಮತ್ತೆ ಒಳಗೆ ನೋಡಿದ. ಒಂದು ಬಿಳಿ ಒಂದೇ ಪಕ್ಕಕ್ಕೆ ಸವೆದು ದುಂಡಗಾಗಿತ್ತು, ಮೇಷ್ಟ್ರು ಕೈ ಓರೆ ಮಾಡಿ ಮೀಟುವವರು. ಒಂದು ದಪ್ಪನೆಯದು, ಅಗಲ, ಬೇಸಿನ ತಂತಿಗೆ ಬೇಕಾದದ್ದು. ಇನ್ನೊಂದು ಬಿಳಿ ಈಗ ತಾನೇ ಅಂಗಡಿಯಿಂದ ತಂದ ಹಾಗೆ, ಮೂಲೆಗಳು ಚೂಪಾಗಿ, ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು. ತಂತಿ ಮುಟ್ಟದ ಪಿಕ್ಕು. ಅವನದು. ಮತ್ತೆ ಕರಿಯದರ ಅಂಚಿನ ತುಂಬ ಹಲ್ಲಿನ ಗುರುತು.

ಎರಡೂ ಒಟ್ಟಿಗೇ ತಲೆಗೆ ಹೊಕ್ಕವು. ಯಾವುದು ಮೊದಲು ಎಂದು ಆಮೇಲೂ ಅವನಿಗೆ ಹೇಳಲಾಗಲಿಲ್ಲ. ಬೆಳಗಿನಿಂದ ಇವಳೇ ಬೇಕು ಎಂದು ಕೈ ತಟ್ಟಿದ ದೊರೆ, ಆ ಎತ್ತರದ ಸ್ವರ ಬಿಟ್ಟುಕೊಡಲಾರದೆ, ಒಳಗೊಳಗೇ ಇವನಂತೆಯೇ ನಡುಗುತ್ತಿದ್ದ ದೊರೆ. ಮತ್ತೆ ಭಾವ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಚೂರು ಹೆಚ್ಚು ಹೊತ್ತು ಇಣುಕಿ ನೋಡಿದ ಭಾವ, ಆವತ್ತು ಈ ಡಬ್ಬಿಯ ತಳದಲ್ಲಿ ಚೂಪು ಮೂಲೆಯ, ಗೀರಿಲ್ಲದ ಒಂದು ಕರಿ ಪಿಕ್ಕನ್ನು ಕಂಡಿದ್ದಾನೆ. ಅದನ್ನು ಕೈಯಾರೆ ತಂದುಕೊಟ್ಟವನೇ ಅವನು. ಆಮೇಲೆ ಗಡಿಯಾರನ ಮನೆಗೆ ಬಂದು ಊಟ ಮಾಡಿದ್ದಾನೆ, ತಂಗಿಯ ಮಕ್ಕಳನ್ನು ಹೆಗಲ ಮೇಲೆ ಹೊತ್ತಿದ್ದಾನೆ, ಯಜಮಾನರ ಮಣ್ಣಿಗೆ ಹೋಗಿ ಬಂದು, ಜ್ವರ ಹೇಗಿದೆಯೋ ಎಂದು ಹಣೆ ಮುಟ್ಟಿ ನೋಡಿದ್ದಾನೆ.

"ಏನಯ್ಯಾ, ಓದೋಕೆ ಏನಾದ್ರೂ ಬರೆದಿದ್ಯಾ ಅದರಲ್ಲಿ?" ಎಂದರು ಮೇಷ್ಟ್ರು.

ಗಡಿಯಾರ ತಲೆಯೆತ್ತಿದ. ದೊರೆ ಅವನನ್ನು ನೋಡುತ್ತಿರಲಿಲ್ಲ, ಗಿಟಾರಿನ ಪೆಟ್ಟಿಗೆಯ ಚಿಲಕ ಹಾಕುವುದು ತೆಗೆಯುವುದು ಮಾಡುತ್ತಿದ್ದ. ಅವನ ಕತ್ತಿನ ಚರ್ಮ ಸಡಿಲವಾಗಿ, ಕೆಂಪಗಾಗಿತ್ತು. ಆಗಲ್ಲ ಅಂದರೆ ಎಲ್ಲವೂ ಸಲೀಸು. ದೊರೆ ಅಯ್ಯೋ ಛೆ ಎನ್ನುತ್ತಾನೆ, ಮೇಷ್ಟ್ರು ಹೊಸಬನಿಗೆ ಫೋನ್ ಮಾಡುತ್ತಾರೆ, ಎಡಗೈಯ ಪೆಟ್ಟುಗಳು ಗೆರೆಯ ಮೇಲೆ ಕೂರುತ್ತವೆ. ಮೂರು ದಿನದಿಂದ ಬೇಡಿದ್ದು ಅದನ್ನೇ, ಈಗ ಸುಳ್ಳೂ ಹೇಳಬೇಕಾಗಿಲ್ಲ.

"ಆಗುತ್ತೆ" ಎಂದ.

ಚಿಲಕದ ಸದ್ದು ನಿಂತಿತು.

"ಸದ್ಯ!" ಎಂದು ಮೇಷ್ಟ್ರು ಫೋನ್ ಹಿಡಿದು ಹೊರಗೆ ಹೋದರು, ಮೆಟ್ಟಿಲ ಮೇಲಿಂದ ಅವರ ದನಿ ಕೇಳುತ್ತಿತ್ತು, ಸೋಮವಾರ, ಹೌದು, ಬೆಳಗ್ಗೆ. ದೊರೆ ನಿಧಾನವಾಗಿ ತಿರುಗಿದ. "ಸರಿಯಾಗಿ ನೋಡಿದ್ಯೇನೋ?"

"ನೋಡಿದೆ."

"ನಾಲ್ಕೂ?"

"ನಾಲ್ಕನ್ನೂ ನೋಡಿದೆ ಕಣೋ."

ದೊರೆಯ ಬಾಯಿ ತೆರೆಯಿತು. ಹೇಳಬೇಕೆಂದರೆ ಒಂದೇ ಮಾತಿತ್ತು, ಅದನ್ನು ಹೇಳಿದರೆ ಬೆಳಗಿನ ಚಪ್ಪಾಳೆಗೆಲ್ಲ ಉತ್ತರ ಕೊಡಬೇಕು. ಬಾಯಿ ಮುಚ್ಚಿದ. ಗಿಟಾರ್ ಎತ್ತಿಕೊಂಡು ಕಬ್ಬಿಣದ ಮೆಟ್ಟಿಲನ್ನು ಒಂದೊಂದಾಗಿ ಇಳಿದು ಹೋದ. ಗಡಿಯಾರ ಮುಚ್ಚಳ ಒತ್ತಿ ಹಾಕಿದ.

ಭಾವನ ಕೈ ಹಿಡಿದು ಇಳಿಸಿ ಕಾರಿನಲ್ಲಿ ಕೂರಿಸಿದ. ಡಬ್ಬಿ ಭಾವನ ತೊಡೆಯ ಮೇಲೆ, ಕಾರು ತಿರುಗಿದಾಗೆಲ್ಲ ಒಳಗೆ ಪಿಕ್ಕುಗಳು ಸರಿದಾಡುತ್ತಿದ್ದವು. ಎರಡು ಸಿಗ್ನಲ್ ದಾಟಿದ ಮೇಲೆ, ಮೂರನೆಯದರಲ್ಲಿ ನಿಂತಾಗ, ಅವನು ಎದುರಿನ ಗಾಜನ್ನೇ ನೋಡುತ್ತ ಹೇಳಿದ: "ಭಾವ, ಯಜಮಾನರಿಗೆ ಬಿದ್ದ ಕರೀದು ನಂದು."

"ಹೂಂ" ಎಂದ ಭಾವ.

"ಗೊತ್ತಿತ್ತಲ್ಲ ನಿನಗೆ."

"ಹೂಂ."

"ಇಪ್ಪತ್ತೆರಡು ವರ್ಷ! ಒಂದು ಸಲ ಕೇಳಬಾರದಿತ್ತೇನೋ ಮಾರಾಯ?" ಅವನು ಸ್ಟಿಯರಿಂಗಿನ ಮೇಲೆ ಗುದ್ದಿದ. "ಒಂದೇ ಸಲ ಕೇಳಿದ್ರೆ ಹೋಗಿ ಆ ಮನುಷ್ಯನ ಹತ್ರ..."

ಭಾವ ಕಪ್ಪು ಕನ್ನಡಕ ತೆಗೆದು ಒದ್ದೆ ಕಣ್ಣು ಒರೆಸಿಕೊಂಡ. "ಕೇಳಬಾರದು ಅಂತ ಮಾಡ್ಕೊಂಡಿದ್ದು ನಾವೇ ಅಲ್ವೇನೋ" ಎಂದ. "ಹೇಳಬಾರದು ಅಂತ ಯಾವಾಗ ಮಾಡಿದ್ವಿ?"

ದೀಪ ಹಸಿರಾಯಿತು. ಹಿಂದಿನವನು ಹಾರ್ನ್ ಹೊಡೆದ. ಗಡಿಯಾರ ಗೇರು ಹಾಕಿ ಮುಂದೆ ಹೋದ, ರಸ್ತೆ ಸ್ವಲ್ಪ ಹೊತ್ತು ಸರಿಯಾಗಿ ಕಾಣಲಿಲ್ಲ.

ಮನೆಯ ತಿರುವಿನಲ್ಲಿ ಫೋನ್ ಬಂತು. ಕಾರು ಪಕ್ಕಕ್ಕೆ ಹಾಕಿ ತೆಗೆದ. ದೊರೆ.

"ಆಕೆ ಎಷ್ಟು ಇಳಿಸ್ಬೇಕು ಅಂದ್ಲು?"

"ಎರಡು ಮೆಟ್ಟಿಲು."

"ಒಂದು ಸಾಕಾಗಲ್ವಾ?"

"ಸೋಮವಾರ ಅವಳನ್ನೇ ಕೇಳು."

ಆ ಕಡೆ ದೊರೆಯ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು. "ಕಣ್ಣು ತೋರಿಸ್ಕೋ ಗಡಿಯಾರ" ಎಂದ ಕೊನೆಗೆ.

"ತೋರಿಸ್ಕೊಳ್ತೀನಿ" ಎಂದು ಅವನು ಫೋನ್ ಇಟ್ಟ. ಭಾವ ತೊಡೆಯ ಮೇಲಿದ್ದ ಡಬ್ಬಿಯನ್ನು ತಡವಿ ಎತ್ತಿ, ಇವನ ಮಡಿಲಿಗೆ ಹಾಕಿದ. ಗಡಿಯಾರ ಅದನ್ನು ಹಾಗೇ ಇಟ್ಟುಕೊಂಡು ಮನೆಯವರೆಗೂ ಕಾರು ಓಡಿಸಿದ.

ಭಾವನನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸಿ ಒಳಗೆ ಬಂದಾಗ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಅವನು ಅವಳ ಎದುರು ಹೋಗಿ ನಿಂತ, ಎಡಗೈ ಮುಂದೆ ಚಾಚಿದ.

"ಎರಡು ತಿಂಗಳಾಯ್ತು ಕಣೇ," ಎಂದ, "ಇದು ನನ್ನ ಮಾತು ಕೇಳ್ತಿಲ್ಲ."